ಕೋವಿ ಗುಮಾಸ್ತರು

ಕಳೆದ ಆಷಾಢದಲ್ಲಿ ವಯಸ್ಸಾದ ಹೆಂಗಸೊಬ್ಬರು ಕೃಷ್ಣರಾಜನಗರದ ನಮ್ಮ ಕಚೇರಿಗೆ ಬಂದು, ಗಂಡ ತೀರಿಕೊಂಡ ದಾಖಲೆಯ ನಕಲು ಬೇಕೆಂದು ಅರ್ಜಿ ಕೊಟ್ಟರು. ಮಿರ್ಲೆಯಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದರು. ಅರ್ಜಿಯಲ್ಲಿದ್ದ ಹೆಸರನ್ನು ಎರಡು ಸಲ ಓದಿ ತಲೆಯೆತ್ತಿದೆ. ಅವರಿಗೆ ನನ್ನ ಗುರುತು ಮೊದಲೇ ಸಿಕ್ಕಿತ್ತು. "ನಿಮ್ಮನ್ನ ಆಗಾಗ ನೆನೆಸ್ಕೋತಿದ್ರು," ಎಂದರು. ಯಜಮಾನರು ಹೋಗಿ ಮೂರು ತಿಂಗಳಾಗಿತ್ತಂತೆ. ಮಧ್ಯಾಹ್ನ ಊಟ ಮಾಡಿ ಜಗುಲಿಯಲ್ಲಿ ಒರಗಿದವರು ಕಾಫಿಯ ಹೊತ್ತಿಗೆ ಏಳಲಿಲ್ಲವಂತೆ.

ಅರ್ಜಿಯಲ್ಲಿ ಮೃತರ ಉದ್ಯೋಗ ಎಂಬ ಜಾಗ ಖಾಲಿಯಿತ್ತು. ಏನು ಬರೆಯಲಿ ಎಂದು ಕೇಳಿದೆ. ನಿವೃತ್ತ ಗುಮಾಸ್ತರು ಅಂತ ಬರೀರಿ ಎಂದರು. ಬರೆದೆ. ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಆ ದಿನ ಬೇರೆ ಯಾವ ಕಾಗದಕ್ಕೂ ಮನಸ್ಸು ಹತ್ತಲಿಲ್ಲ.

ನಾನು ನೌಕರಿಗೆ ಸೇರಿದ್ದು ಕಾಡಿನ ಅಂಚಿನ ಒಂದು ತಾಲ್ಲೂಕು ಕಚೇರಿಯಲ್ಲಿ, ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ. ನನ್ನ ಮೇಜಿಗೆ ಎದುರು ಮೇಜು ಆಕೆಯ ಯಜಮಾನರದು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಹಲ್ಲುನೋವಿಗೆಂದು ಯಾವಾಗಲೂ ದವಡೆಯಲ್ಲಿ ಒಂದು ಲವಂಗ. ಬೆಳೆ ರಕ್ಷಣೆಗೆ ರೈತರಿಗೆ ಕೊಡುತ್ತಿದ್ದ ಕೋವಿ ಲೈಸೆನ್ಸಿನ ಕಾಗದಗಳೆಲ್ಲ ಅವರ ಕೈಯಲ್ಲಿ ಹಾದುಹೋಗುತ್ತಿದ್ದವು. ಅದಕ್ಕೇ ತಾಲ್ಲೂಕಿನಲ್ಲಿ ಅವರಿಗೆ ಕೋವಿ ಗುಮಾಸ್ತರು ಎಂದೇ ಹೆಸರು. ಆ ಮನುಷ್ಯ ಜನ್ಮದಲ್ಲಿ ಒಂದು ಗುಂಡು ಹಾರಿಸಿದವರಲ್ಲ. ಕೋವಿಯನ್ನು ಮುಟ್ಟಬೇಕಾಗಿ ಬಂದರೆ ಬೇರೆಯವರ ಮಗುವನ್ನು ಎತ್ತಿಕೊಂಡವರಂತೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು.

ವರ್ಷದ ಕೊನೆಗೆ ಲೈಸೆನ್ಸು ಹೊಸದು ಮಾಡಿಸಿಕೊಳ್ಳಲು ರೈತರು ಕೋವಿ ಹೊತ್ತು ಬರುತ್ತಿದ್ದರು. ಹೆಚ್ಚಿನವು ನಳಿಗೆಯ ಬಾಯಿಂದ ಮದ್ದು ತುಂಬುವ ನಾಡಕೋವಿಗಳು. ನಂಬರು ನೋಡಿ, ಪುಸ್ತಕದಲ್ಲಿ ಬರೆದು, ಮೊಹರು ಒತ್ತಿ ಕಳಿಸಿದರೆ ಮುಗಿಯಿತು. ಇವರು ಹಾಗೆ ಕಳಿಸುತ್ತಿರಲಿಲ್ಲ. ನಮೂನೆಯಲ್ಲಿ ಇಲ್ಲದ ಪ್ರಶ್ನೆಗಳನ್ನು ಕೇಳುತ್ತಿದ್ದರು. ಮನೆಯಲ್ಲಿ ಯಾರ್ಯಾರಿದ್ದೀರಿ, ಕೋವಿ ಎಲ್ಲಿ ತೂಗುಹಾಕುತ್ತೀರಿ, ಮದ್ದು ಎಲ್ಲಿಡುತ್ತೀರಿ, ಈ ವರ್ಷ ಮನೆಯಲ್ಲಿ ಸಾವು ನೋವು ಏನಾದರೂ ಆಯಿತೇ, ಯಾರಾದರೂ ಊಟ ನಿದ್ದೆ ಬಿಟ್ಟವರಿದ್ದಾರೆಯೇ. ರೈತರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕೊನೆಗೆ ಎಲ್ಲರಿಗೂ ಒಂದೇ ಬುದ್ಧಿಮಾತು: ಕೋವಿ ನಿಮ್ಮ ಮನೆಯಲ್ಲಿರಲಿ, ಮದ್ದು ಅಣ್ಣನ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಇರಲಿ.

ಬೀಚನಹಳ್ಳಿ ಕಡೆಯ ಹೊಳೆದಂಡೆಯ ಊರೊಂದರಿಂದ ಸಿದ್ದೇಗೌಡ ಎಂಬ ರೈತ ಬರುತ್ತಿದ್ದ. ಮಾತಿನವನು, ಕಾನೂನು ಬಲ್ಲವನು. ಒಂದು ವರ್ಷ ಅವನು ಈ ಬುದ್ಧಿಮಾತನ್ನು ಕೇಳಿ, ಕೈಕಟ್ಟಿ ನಿಂತೇ ಹೇಳಿದ:

"ಕಾಡಂದಿ ಬಂದಾಗ ಮದ್ದಿಗೆ ಅಂತ ಅಣ್ಣನ ಮನೆಗೆ ಓಡ್ಬೇಕಾ ಬುದ್ಧಿ? ಅಷ್ಟೊತ್ಗೆ ಅದು ಅರ್ಧ ಹೊಲ ಮುಗ್ಸಿರ್ತದೆ."

"ಆ ಓಡೋಷ್ಟು ಹೊತ್ತಿದೆಯಲ್ಲ ಗೌಡ್ರೇ, ಅದು ಬೇಕು ಅಂತಲೇ ಹೇಳ್ತಿರೋದು," ಎಂದರು ಇವರು.

ಸಿದ್ದೇಗೌಡ ನನ್ನ ಕಡೆ ನೋಡಿ ನಕ್ಕ. ನಾನೂ ನಕ್ಕೆ. ನನಗೂ ಆಗ ಅರ್ಥವಾಗಿರಲಿಲ್ಲ.

ಒಮ್ಮೆ ನಾವಿಬ್ಬರೂ ಸರಗೂರಿಗೆ ಹೋಗುವಾಗ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ನಡೆಯೋಣ ಎಂದರು. ಬಿಸಿಲು ಇಳಿಯುತ್ತಿತ್ತು. ಛತ್ರಿಯನ್ನು ಬಿಚ್ಚದೆ ಊರುಗೋಲಿನಂತೆ ಊರುತ್ತ, ಒಂದು ಮೈಲಿ ನಡೆದರು. ಆಮೇಲೆ, ಹಳೆಯ ಫೈಲುಗಳನ್ನು ಓದಿದ್ದೀಯಾ ಎಂದು ಕೇಳಿದರು. ಲೈಸೆನ್ಸಿನ ಕೋವಿಯಿಂದ ಸಾವಾದಾಗ ಪೊಲೀಸರ ವರದಿಯ ನಕಲು ನಮಗೂ ಬರುತ್ತಿತ್ತು. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಒಂದೇ ವಾಕ್ಯ: ಕೋವಿ ಒರೆಸುವಾಗ ಆಕಸ್ಮಿಕವಾಗಿ ಹಾರಿ ಮೃತಪಟ್ಟಿರುತ್ತಾನೆ.

"ಒರೆಸೋಕೆ ಕೂತೋನು ಮದ್ದು ಯಾಕೆ ತುಂಬ್ಕೋತಾನೆ?" ಎಂದರು.

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ಹೆಂಡತಿ ಮಕ್ಕಳ ಮಾನ ಉಳಿಯಲಿ ಎಂದು ಊರವರು ಹಾಗೆ ಹೇಳುತ್ತಾರೆ, ಕೇಸು ಬೆಳೆಯದಿರಲಿ ಎಂದು ಪೊಲೀಸರು ಹಾಗೆ ಬರೆಯುತ್ತಾರೆ, ನಾವು ನಂಬರು ಹೊಡೆದು ಕಟ್ಟಿಡುತ್ತೇವೆ ಎಂದರು. ಯಾರ ಮೇಲೂ ದೂರಿಲ್ಲದ ದನಿ. ನಾನು ಬರುವುದಕ್ಕೆ ಎರಡು ವರ್ಷ ಮೊದಲು ನಡೆದದ್ದನ್ನು ಆಗಲೇ ಹೇಳಿದ್ದು. ಸರಗೂರಿನ ಹತ್ತಿರದ ಹಳ್ಳಿಯ ರೈತನೊಬ್ಬನಿಗೆ ಇವರೇ ಶಿಫಾರಸು ಬರೆದು ಲೈಸೆನ್ಸು ಕೊಡಿಸಿದ್ದರು. ವರ್ಷ ತುಂಬುವುದರೊಳಗೆ ಆ ರೈತ ಕೋವಿಯನ್ನು ತಂದು ಇವರ ಮೇಜಿನ ಮೇಲಿಟ್ಟ. ಅವನ ತಮ್ಮ ಹೋಗಿಬಿಟ್ಟಿದ್ದ. ಆ ರೈತ ಆಡಿದ ಮಾತನ್ನು ಅವನ ದನಿಯಲ್ಲೇ ನನಗೆ ಹೇಳಿದರು:

"ಬೆಳಗ್ಗೆ ನನ್ ಕೂಡೆ ಜಗಳ ಆಡ್ದ ಬುದ್ಧಿ. ಅವನ ಸಿಟ್ಟು ಉಣ್ಣೋ ಹೊತ್ತಿನ ಗಂಟ ನಿಲ್ತಿರ್ನಿಲ್ಲ, ಚಿಕ್ಕಂದಿನಿಂದ್ಲೂ ಅಂಗೇಯ. ಆ ಕೋವಿ ಗೋಡೇಲಿ ಇರ್ದೇ ಇದ್ದಿದ್ರೆ ಮಧ್ಯಾನಕ್ಕೆ ಬಂದು ಉಣ್ಣಾಕೆ ಇಟ್ಟಿಕ್ಕು ಅಂತಿದ್ದ."

ಹೇಳಿ ಮುಗಿಸಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ಅರ್ಜಿದಾರ ಸನ್ನಡತೆಯವನು ಎಂದು ತಾನು ಬರೆದದ್ದು ಸುಳ್ಳಲ್ಲ, ಅರ್ಜಿದಾರ ಒಳ್ಳೆಯವನೇ, ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ಮಾತ್ರ ತಾನು ಕೇಳಲಿಲ್ಲ ಎಂದರು. ಕತ್ತಲಾಗುವ ಮುಂಚೆ ಸರಗೂರು ಸೇರಬೇಕೆಂದು ನಾನೇ ಅವರನ್ನು ಎಬ್ಬಿಸಿದೆ.

ಕಚೇರಿಯಲ್ಲಿ ಅವರನ್ನು ಹಚ್ಚಿಕೊಂಡವರು ಕಡಿಮೆ. ಕೆಲಸ ನಿಧಾನ, ಒಂದು ನವೀಕರಣಕ್ಕೆ ಅರ್ಧ ಗಂಟೆ. ರೈತರಿಗೆ ಬಸ್ಸು ತಪ್ಪುತ್ತಿತ್ತು. ದಯೆಯುಳ್ಳ ಮನುಷ್ಯ ಎಂದು ಮೇಲ್ನೋಟಕ್ಕೆ ಯಾರಿಗೂ ಅನ್ನಿಸುತ್ತಿರಲಿಲ್ಲ. ನಗು ಅಪರೂಪ, ಸಿಡುಕು ಜಾಸ್ತಿ. ಹೊರಗೆ ಯಾರ ಮನೆಯಲ್ಲೂ ನೀರು ಕೂಡ ಕುಡಿಯುತ್ತಿರಲಿಲ್ಲ.

ಬೀಚನಹಳ್ಳಿಯಲ್ಲಿ ಅಣೆಕಟ್ಟೆ ಏಳುತ್ತಿದ್ದ ಕಾಲ ಅದು. ಮುಳುಗಲಿರುವ ಊರುಗಳ ಮನೆ, ಮರ, ಹೊಲಗಳ ಪಟ್ಟಿ ಮಾಡಲು ನಮ್ಮನ್ನೂ ಹಚ್ಚಿದ್ದರು. ಸಿದ್ದೇಗೌಡನ ಊರಿಗೆ ನಾವಿಬ್ಬರು ಹೋದೆವು. ಅವನ ಪಕ್ಕದ ಮನೆ ಬೋರೇಗೌಡನದು. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಅವನ ಹೆಂಡತಿ ಹಿಂದಿನ ತಿಂಗಳು ತೀರಿಕೊಂಡಿದ್ದಳು. ಒಬ್ಬಳೇ ಮಗಳನ್ನು ಸೋದರಮಾವನ ಮನೆಯಲ್ಲಿ ಬಿಟ್ಟು ಬಂದಿದ್ದ. ಒಲೆಯಲ್ಲಿ ಬೂದಿಯೂ ತಣ್ಣಗಿತ್ತು. ಕೊಟ್ಟಿಗೆ ಖಾಲಿ, ಎತ್ತುಗಳನ್ನು ಬಾಮೈದನಿಗೆ ಹೊಡೆದುಕೊಟ್ಟನಂತೆ. ಮನೆಯಲ್ಲಿ ಒಂದೇ ಒಂದು ವಸ್ತು ಚೊಕ್ಕಟವಾಗಿತ್ತು, ಗೋಡೆಯ ಮೇಲಿನ ಕೋವಿ.

ನಾನು ಮರಗಳನ್ನು ಬರೆದುಕೊಳ್ಳುತ್ತಿದ್ದೆ. ಬೋರೇಗೌಡ ಮೆಲ್ಲಗೆ ಕೇಳಿದ: "ನಾನಿಲ್ದೇ ಇದ್ರೂ ಹೊಸ ಜಾಗದ ಪಟ್ಟೀಲಿ ಮಗಳ ಹೆಸ್ರು ಬತ್ತದಾ ಸ್ವಾಮಿ?"

ಬರುತ್ತದೆ ಎನ್ನಲು ನಾನು ಬಾಯಿ ತೆರೆದೆ. ಅವರು ನನ್ನ ಕೈಯಿಂದ ಪುಸ್ತಕ ತೆಗೆದು ಮುಚ್ಚಿದರು. ತನಗೆ ಹಸಿವಾಗಿದೆ, ಮನೆಯಲ್ಲಿ ಹಿಟ್ಟಿದೆಯೇ ಎಂದು ಬೋರೇಗೌಡನನ್ನು ಕೇಳಿದರು. ಅವನು ಏನೂ ತೋಚದೆ ನಿಂತ. ಇವರು ಪಂಚೆ ಎತ್ತಿ ಕಟ್ಟಿ, ತಾವೇ ಹೋಗಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೆಂಕಿ ಮಾಡಿದರು. ಹೊಗೆ ಕಂಡು ಸಿದ್ದೇಗೌಡನ ಹೆಂಡತಿ ಸಾರು ತಂದಳು. ಬೋರೇಗೌಡ ಮುದ್ದೆ ತೊಳಸಿದ. ಮೂವರೂ ಉಂಡೆವು. ಅವರು ಅವನ ಎದುರಿಗೆ ಕೂತು, ಅವನು ಒಂದು ತುತ್ತು ನುಂಗಿದ ಮೇಲೆ ತಾವೊಂದು ತುತ್ತು ನುಂಗಿದರು. ಅವರು ಹೊರಗೆ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೈ ತೊಳೆದ ಮೇಲೆ, "ಕೋವಿ ನಂಬರು ನಮ್ಮ ಪುಸ್ತಕಕ್ಕೆ ತಾಳೆ ಆಗ್ತಿಲ್ಲ. ಕಚೇರಿಗೆ ತಗೊಂಡ್ಹೋಗಿ ನೋಡ್ಬೇಕು," ಎಂದರು.

ಕೋವಿ ನಂಬರಿನ ಪುಸ್ತಕ ನಮ್ಮ ಕಚೇರಿಯಲ್ಲಿತ್ತು. ಅವರು ಕೋವಿಯ ಹತ್ತಿರಕ್ಕೂ ಹೋಗಿರಲಿಲ್ಲ. ಬೋರೇಗೌಡ ಬಹಳ ಹೊತ್ತು ಅವರ ಮುಖ ನೋಡಿದ. ಆಮೇಲೆ ತಾನೇ ಎದ್ದು ಗೋಡೆಯಿಂದ ಇಳಿಸಿ ಅವರ ಕೈಗೆ ಕೊಟ್ಟ. ಕೇಳದೆಯೇ ಒಳಗಿನಿಂದ ಮದ್ದಿನ ಚೀಲವನ್ನೂ ತಂದು ಕೊಟ್ಟ. ಅವರು ಬಿಳಿ ಹಾಳೆಯಲ್ಲಿ ರಸೀದಿ ಬರೆದರು.

ಕೋವಿ ರೆಕಾರ್ಡು ರೂಮಿನ ಬೀರುವಿನಲ್ಲಿ ಉಳಿಯಿತು. ಹಾಗೆ ಇಟ್ಟುಕೊಳ್ಳಲು ಅವರಿಗೆ ಅಧಿಕಾರವಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಪ್ರತಿ ಭಾನುವಾರ ಸೈಕಲ್ ಹತ್ತಿ ಬೋರೇಗೌಡನ ಊರಿಗೆ ಹೋಗುತ್ತಿದ್ದರು. ಎರಡು ಸಲ ನಾನೂ ಹೋಗಿದ್ದೆ. ದೊಡ್ಡ ಮಾತೇನೂ ನಡೆಯುತ್ತಿರಲಿಲ್ಲ. ನೇಗಿಲಿಗೆ ಯಾವ ಮರ ಬಾಳಿಕೆ, ಹೊಸ ಜಾಗದಲ್ಲಿ ನೀರು ಎಷ್ಟು ಆಳಕ್ಕೆ ಸಿಗುತ್ತದೆ, ಇಂಥವು. ಎರಡನೆಯ ಸಲ ಬೋರೇಗೌಡ ಹೆಂಡತಿಯ ಕಾಯಿಲೆಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಅವರು ತಲೆಯಾಡಿಸುತ್ತ ಕೂತಿದ್ದರು. ವಾಪಸು ಬರುವಾಗ, ಇವತ್ತು ಅವನು ಕ್ಷೌರ ಮಾಡಿಸಿಕೊಂಡಿದ್ದ, ನೋಡಿದೆಯಾ ಎಂದರು. ನಾನು ನೋಡಿರಲಿಲ್ಲ.

ರಾಗಿ ತೆನೆ ಬಲಿಯುವ ಹೊತ್ತಿಗೆ ಹಂದಿಗಳು ಇಳಿದವು. ಸಿದ್ದೇಗೌಡನ ಕೋವಿ ಕೆಟ್ಟು ಹುಣಸೂರಿಗೆ ರಿಪೇರಿಗೆ ಹೋಗಿತ್ತು. ಆ ಮೂಲೆಯ ಮೂರು ಮನೆಯವರ ಹೊಲಗಳಿಗೆ ಉಳಿದಿದ್ದ ಆಸರೆ ಬೋರೇಗೌಡನ ಕೋವಿ. ತಮಟೆ ಬಡಿದು, ಪಂಜು ಹಿಡಿದು ಕಾದರೂ ಬೆಳೆ ಉಳಿಯಲಿಲ್ಲ. ಮುಳುಗುವುದಕ್ಕೆ ಮೊದಲು ಆ ನೆಲದಲ್ಲಿ ಅವರು ಬೆಳೆದ ಕೊನೆಯ ಬೆಳೆಗಳಲ್ಲಿ ಒಂದು ಅದು. ಮೂರು ಮನೆಯವರೂ ಸಿದ್ದೇಗೌಡನನ್ನು ಮುಂದಿಟ್ಟುಕೊಂಡು ಕಚೇರಿಗೆ ಬಂದರು. ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಒಳಕ್ಕೆ ಕರೆಯುವವರೆಗೆ ಕೈಸಾಲೆಯಲ್ಲಿ ನಿಂತಿದ್ದರು. ಗುಮಾಸ್ತರು ತಾವೇ ಎದ್ದು ಹೊರಗೆ ಹೋದರು.

ಸಿದ್ದೇಗೌಡ ಕೂಗಾಡಲಿಲ್ಲ. "ಪಕ್ಕದ ಕೊಡಗಿನೋರಿಗೆ ಲೈಸೆನ್ಸೇ ಬೇಡ ಅಂತಾರೆ. ನಮಗೆ ಲೈಸೆನ್ಸಿದ್ರೂ ಕೋವಿ ಇಲ್ಲ. ನೆಲ ಸರ್ಕಾರಕ್ಕೆ ಕೊಟ್ಟಾಯ್ತು. ಈ ಒಂದು ಬೆಳೆ ಉಣ್ಣಾನ ಅಂದ್ರೆ ಅದನ್ನೂ ನೀವು ಬೀರೂಲಿಟ್ಟು ಬೀಗ ಹಾಕಿದ್ರಿ. ಯಾಕೆ ತಗಂಡ್ರಿ ಅಂತ ನಮಗೂ ಗೊತ್ತು ಬುದ್ಧಿ. ಸಾಯ್ಬೇಕು ಅಂದೋನಿಗೆ ನೂರು ದಾರಿ. ನೂರಕ್ಕೂ ಬೀಗ ಹಾಕ್ತೀರಾ?"

"ಆಗಲ್ಲ," ಎಂದರು ಅವರು. "ಮಿಕ್ಕ ದಾರೀಲಿ ಮಧ್ಯ ಯಾರಾದ್ರೂ ಸಿಕ್ಬೋದು ಗೌಡ್ರೇ. ಅವನಿಗೇ ಮನಸ್ಸು ತಿರುಗ್ಬೋದು. ಇದರಲ್ಲಿ ಅದಕ್ಕೆ ಹೊತ್ತೇ ಇಲ್ಲ."

"ನಮ್ಮ ರಾಗಿಗೂ ಹೊತ್ತಿರಲಿಲ್ಲ," ಎಂದ ಸಿದ್ದೇಗೌಡ.

ಅವನ ಮಾತೂ ನಿಜವೇ ಆಗಿತ್ತು.

ತಹಶೀಲ್ದಾರರು ಬೋರೇಗೌಡನನ್ನೂ ಕರೆಸಿದರು. ಹೇಳಿಕೆ ಬರೆದುಕೊಳ್ಳಲು ನನ್ನನ್ನೇ ಕೂರಿಸಿದ್ದರು. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: ಕೋವಿಯನ್ನು ನೀನಾಗಿ ಕೊಟ್ಟೆಯಾ, ಇವರು ಕಿತ್ತುಕೊಂಡರಾ? ನಾನಾಗಿ ಕೊಟ್ಟೆ ಎಂದರೆ ಗುಮಾಸ್ತರು ಉಳಿಯುತ್ತಿದ್ದರು. ಆದರೆ ಮುಂದಿನ ಪ್ರಶ್ನೆ ಯಾಕೆ ಕೊಟ್ಟೆ ಎಂದು ಬರುತ್ತಿತ್ತು. ಬೋರೇಗೌಡ ನೆಲ ನೋಡುತ್ತ, "ಕಿತ್ಕಂಡ್ರು ಸ್ವಾಮಿ," ಎಂದ.

ನನ್ನ ಲೇಖನಿ ನಿಂತಿತು. ಅವನು ಗೋಡೆಯಿಂದ ಇಳಿಸಿ ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಗುಮಾಸ್ತರು ನನ್ನ ಕಡೆ ತಿರುಗಿ ಒಮ್ಮೆ ನೋಡಿದರು, ಅಷ್ಟೆ. ಆಮೇಲೆ ಸಾಹೇಬರಿಗೆ, "ಹೌದು ಸಾರ್, ನಾನೇ ಕಿತ್ಕೊಂಡೆ," ಎಂದರು. ನಾನು ಅದನ್ನೇ ಬರೆದೆ. ಅವರು ಓದಿ ನೋಡದೆ ರುಜು ಹಾಕಿದರು.

ಕೋವಿ ಅಂದೇ ಬೋರೇಗೌಡನ ಕೈಗೆ ಹೋಯಿತು. ಅವರಿಗೆ ಮೆಮೊ ಬಂತು, ಬಡ್ತಿ ನಿಂತಿತು, ಪಿರಿಯಾಪಟ್ಟಣಕ್ಕೆ ವರ್ಗವಾಯಿತು. ಸಾಮಾನು ಕಟ್ಟುವಾಗ ನಾನು ಸಹಾಯಕ್ಕೆ ಹೋಗಿದ್ದೆ. ಅವರ ಹೆಂಡತಿ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದರು. ನಿಜ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ಅವನ ಮೇಲೆ ಕೇಸು ಹಾಕುತ್ತಾರೆ, ಸಾಯಲು ಹೊರಟವನ ಮಗಳು ಅಂತ ನಾಳೆ ಆ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದರು. ಅವನು ನಿಜವಾಗಿ ಹಾಗೆ ಮಾಡಿಕೊಳ್ಳುತ್ತಿದ್ದನೇ ಎಂದು ಕೇಳಿದೆ.

"ನನಗೇನು ಗೊತ್ತು? ಸತ್ತೋರದ್ದು ಫೈಲಿರುತ್ತೆ. ಸಾಯದೇ ಉಳಿದೋರ್ದು ಎಲ್ಲಿರುತ್ತೆ?" ಎಂದು ಹಗ್ಗ ಬಿಗಿದರು.

ಪಿರಿಯಾಪಟ್ಟಣದಲ್ಲಿ ಅವರಿಗೆ ಹಳೆಯ ದಾಖಲೆಗಳ ಕೋಣೆ ಕೊಟ್ಟಿದ್ದರು. ಒಂದು ಸಲ ನೋಡಲು ಹೋದಾಗ ಉಪ್ಪಿಟ್ಟು ತಿನ್ನುತ್ತ ಕೂತಿದ್ದರು. ಮುಖ ಸೊರಗಿತ್ತು, ಎರಡು ಹಲ್ಲು ಕೀಳಿಸಿಕೊಂಡಿದ್ದರು. ಬೋರೇಗೌಡ ಹೇಗಿದ್ದಾನೆ ಎಂದು ಕೇಳುತ್ತಾರೆಂದು ನಾನು ಕಾದೆ. ಅವರು ಕೇಳಿದ್ದು ಬೇರೆ: ಆ ವರ್ಷ ಆ ಮೂರು ಮನೆಯವರು ಏನು ಉಂಡರು? ನನಗೆ ಗೊತ್ತಿರಲಿಲ್ಲ. "ನಾನೂ ಹೋಗಿ ನೋಡ್ಲಿಲ್ಲ. ಅವರ ಮನೆ ಮುಂದೇನೇ ಸೈಕಲ್ ತುಳ್ಕೊಂಡು ಹೋಗ್ತಿದ್ದೆ, ಬೋರೇಗೌಡನ ಮನೇಗೆ. ಇಳೀಲಿಲ್ಲ," ಎಂದರು. ಒಬ್ಬನನ್ನು ಕಾಯಲು ಹೋಗಿ ಮೂರು ಮನೆಯ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂಬುದು ಅವರನ್ನು ಕೊರೆಯುತ್ತಿತ್ತು. ಮತ್ತೊಮ್ಮೆ ಅಂಥ ಸಂದರ್ಭ ಬಂದರೆ ಏನು ಮಾಡುತ್ತೀರಿ ಎಂದೆ. ಕೋವಿಯನ್ನೇ ತರುತ್ತೇನೆ, ಆದರೆ ಅಕ್ಕಪಕ್ಕದವರಿಗೆ ಮೊದಲೇ ಹೇಳಿ ಅವರ ಹೊಲಕ್ಕೆ ಏನಾದರೂ ದಾರಿ ಮಾಡಿ ತರುತ್ತೇನೆ ಎಂದರು. ಆ ದಾರಿ ಏನು ಅಂತ ಮಾತ್ರ ಇನ್ನೂ ಹೊಳೆದಿಲ್ಲ ಎಂದರು.

ಅಲ್ಲಿಂದಲೇ ನಿವೃತ್ತರಾಗಿ ಮಿರ್ಲೆಗೆ ಹೋದರು. ಅಣೆಕಟ್ಟೆ ತುಂಬಿತು. ಹೊಳೆದಂಡೆಯ ಊರು ನೀರಿನಡಿ ಸೇರಿ, ಬೋರೇಗೌಡ ಸಿದ್ದೇಗೌಡರೆಲ್ಲ ಎತ್ತರದ ಹೊಸ ಜಾಗಕ್ಕೆ ಬಂದರು. ಬೋರೇಗೌಡ ಮಗಳ ಮದುವೆ ಮಾಡಿದನೆಂದು ಕೇಳಿದೆ. ಕೋವಿಯ ಕಾಗದಗಳು ನನ್ನ ಮೇಜಿಗೆ ಬಂದಿದ್ದವು. ನಾನು ನಂಬರು ನೋಡಿ ಮೊಹರು ಒತ್ತಿ ಕಳಿಸುತ್ತಿದ್ದೆ. ಯಾರಿಗೂ ಬಸ್ಸು ತಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸಿದ್ದೇಗೌಡ ಬಂದ. ಕಂಕುಳಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಕೋವಿ. ನವೀಕರಣದ ತಿಂಗಳಲ್ಲ. ಮೇಜಿನ ಮೇಲಿಟ್ಟು, "ಇದು ಸ್ವಲ್ಪ ದಿನ ಇಲ್ಲಿರ್ಲಿ," ಎಂದ. ಎಷ್ಟು ಕೃಶನಾಗಿದ್ದನೆಂದರೆ ಮೊದಲು ನನಗೆ ಗುರುತು ಸಿಕ್ಕಿರಲಿಲ್ಲ. ಯಾಕೆ ಎಂದು ಕೇಳಿದೆ. ಹೊಸ ಜಾಗಕ್ಕೆ ಬಂದಾಗಿನಿಂದ ನಿದ್ದೆಯಿಲ್ಲ, ಏನೇನೋ ಯೋಚನೆ ಬರುತ್ತವೆ ಎಂದಷ್ಟೇ ಹೇಳಿ, ಕಿಟಕಿಯ ಕಡೆ ತಿರುಗಿಕೊಂಡ.

ಹೀಗೆ ಇಟ್ಟುಕೊಂಡವರಿಗೆ ಏನಾಯಿತೆಂದು ನಾನು ಬಲ್ಲೆ. ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ರಸೀದಿ ತಗೊಳ್ಳಿ ಎಂದೆ. ಅಲ್ಲಿ ಯಾಕೆ ಅಂತ ಬರೆಸುತ್ತಾರೆ ಎಂದ ಅವನು. ಆದರೂ ಅವನು ಹೋಗಲಿಲ್ಲ. ಕೊನೆಗೆ ಹೇಳಿದ:

"ನಾನೇನೂ ಬತ್ತಿರ್ನಿಲ್ಲ. ಬೋರೇಗೌಡನೇ ಬಂದು ಗೋಡೆಯಿಂದ ಇಳ್ಸಿ ಕೈಗೆ ಕೊಟ್ಟ. ಕಚೇರಿಗೆ ತಗಂಡೋಗಿ ಕೊಡು, ನನ್ನ ಹೊಲದ ಜೊತೆ ನಿನ್ನ ಹೊಲಾನೂ ಕಾಯ್ತೀನಿ ಅಂದ. ಆವತ್ತು ನಂದು ಆ ಗುಮಾಸ್ತರು ತಗಂಡೋಗ್ದೇ ಇದ್ದಿದ್ರೆ ನಾನಿರ್ತಿರ್ನಿಲ್ಲ ಕಣ್ಲಾ ಅಂದ."

ದುರಸ್ತಿಗಾಗಿ ಇರಿಸಲಾಗಿದೆ ಎಂದು ಬಿಳಿ ಹಾಳೆಯಲ್ಲಿ ಬರೆದು ರುಜು ಹಾಕಿ ಕೊಟ್ಟೆ. ಅವತ್ತೇ ಸಂಜೆ ಮಿರ್ಲೆಗೆ ಒಂದು ಕಾಗದ ಬರೆದೆ. ಸಿದ್ದೇಗೌಡ ಬಂದದ್ದು, ಬೋರೇಗೌಡ ಆಡಿದ ಮಾತು, ಕೋವಿ ಬೀರುವಿನಲ್ಲಿಟ್ಟದ್ದು, ಒಂದೂ ಬಿಡದೆ ಬರೆದೆ. ಇಷ್ಟು ವರ್ಷ ಅವರಿಗೆ ಸಿಗದೇ ಇದ್ದ ಫೈಲು ಇದು ಎಂದುಕೊಂಡು ಬರೆದೆ.

ವಾರದಲ್ಲಿ ಅವರ ಕಾರ್ಡು ಬಂತು. ಬೋರೇಗೌಡನ ಮಾತಿನ ಬಗ್ಗೆ ಒಂದು ಅಕ್ಷರವಿರಲಿಲ್ಲ. ಎರಡೇ ಸಾಲು, ಅದೇ ದುಂಡು ಅಕ್ಷರ: 'ಕೋವಿ ಬೀರುವಿನಲ್ಲಿ ಇರುತ್ತದೆ, ಅದಕ್ಕೇನೂ ಆಗುವುದಿಲ್ಲ. ಸಿದ್ದೇಗೌಡರ ಮನೆಗೆ ಹೋಗಿದ್ದೆಯಾ?'

ನಾನು ಹೋಗಿರಲಿಲ್ಲ. ಕಾರ್ಡು ಬಂದದ್ದು ಶನಿವಾರ. ಮರುದಿನ ಬೆಳಗಿನ ಬಸ್ಸಿಗೆ ಹೊರಟು, ರಸ್ತೆ ಕವಲೊಡೆಯುವ ಕೈಕಂಬದ ಹತ್ತಿರ ಇಳಿದು, ಮಣ್ಣುರಸ್ತೆಯಲ್ಲಿ ಒಂದೂವರೆ ಮೈಲಿ ನಡೆದೆ. ಸಾಲಾಗಿ ಒಂದೇ ಥರದ ಮನೆಗಳು, ನೆರಳಿಗೆ ಒಂದು ಮರವೂ ಇನ್ನೂ ಎದ್ದಿರಲಿಲ್ಲ. ಸಿದ್ದೇಗೌಡ ಬಾಗಿಲ ಮುಂದೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತು, ನನ್ನ ಹಿಂದೆ ರಸ್ತೆಯ ಕಡೆಗೊಮ್ಮೆ ನೋಡಿದ.

"ಅವ್ರು ಕಳಿಸಿದ್ರಾ?" ಎಂದ.

ಹೌದು ಎಂದೆ.

ಅವನು ಒಳಗೆ ತಿರುಗಿ, ಇನ್ನೊಂದು ಮುದ್ದೆಗೆ ನೀರಿಡು ಎಂದು ಹೆಂಡತಿಗೆ ಹೇಳಿ, ನನಗೆ ಕೂರಲು ಜಾಗ ಬಿಟ್ಟ.